ಬಾದಾಮಿಯ ಹೆಸರೂ ಶೇಂಗಾದ ಋಣವೂ

ಬಾದಾಮಿ ಎಂಬ ಊರಿನಲ್ಲಿ ಬಾದಾಮಿ ಬೆಳೆಯುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಆ ಕೆಂಬಂಡೆಗಳ ಊರನ್ನು ಕಂಡವರಿಗೆಲ್ಲ ಇದು ತಿಳಿದ ಸಂಗತಿಯೇ. ಸುತ್ತಲಿನ ಹೊಲಗಳಲ್ಲಿ ಜೋಳ, ಸಜ್ಜೆ, ಸೂರ್ಯಕಾಂತಿ, ಶೇಂಗಾ ಕಾಣುತ್ತವೆಯೇ ಹೊರತು ಬಾದಾಮಿಯ ತೋಟ ಕಣ್ಣಿಗೆ ಬೀಳುವುದಿಲ್ಲ. ಆದರೂ ಶಾಲಾ ಪ್ರವಾಸಕ್ಕೆ ಬಂದ ಮಕ್ಕಳಿಗೆ ಹೇಳಿಕೊಡುವ ಮಾತು ಸಾಮಾನ್ಯವಾಗಿ ಒಂದೇ: ಇಲ್ಲಿನ ಬಂಡೆಗಳಿಗೆ ಬಾದಾಮಿಯ ಸಿಪ್ಪೆಯ ಬಣ್ಣವಿದೆ, ಅದಕ್ಕೇ ಊರಿಗೆ ಆ ಹೆಸರು ಬಂತು. ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿದವನು ನಾನು. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನ ಕೈ ಈಗಲೂ ಸೀಮೆಸುಣ್ಣಕ್ಕಾಗಿ ತಡಕಾಡುತ್ತದೆ.

ನನ್ನ ತರಗತಿಯಲ್ಲಿ ಕುಳಿತವರಿಗೆ ತತ್ಸಮ ತದ್ಭವಗಳ ಪಾಠ ನೆನಪಿರಬಹುದು. ಇಲ್ಲದಿದ್ದರೂ ಚಿಂತೆಯಿಲ್ಲ, ಈಗ ಅಂಕ ಕಳೆಯುವವರಾರೂ ಇಲ್ಲ. ಸಂಸ್ಕೃತದ 'ವಸತಿ' ಕನ್ನಡದಲ್ಲಿ 'ಬಸದಿ'ಯಾಯಿತು. ಮೊದಲ ವಕಾರ ಬಕಾರವಾಯಿತು, ನಡುವಿನ ತಕಾರ ದಕಾರವಾಯಿತು. 'ವನ' ಬನವಾದದ್ದು, 'ವರ್ಣ' ಬಣ್ಣವಾದದ್ದು ಇದೇ ದಾರಿಯಲ್ಲಿ. 'ದೀಪಿಕೆ' ದೀವಿಗೆಯಾಗುವಾಗ ಪಕಾರ ವಕಾರವಾಗುತ್ತದೆ. ಇನ್ನು ವಕಾರ ಮಕಾರಗಳು ಒಂದರ ಮನೆಗೆ ಇನ್ನೊಂದು ಹೋಗಿ ಬಂದು ಮಾಡುವ ನೆಂಟರು. 'ಕುಮಾರ' ಕುವರನಾಗುತ್ತಾನೆ, 'ಶ್ರಮಣ' ಸವಣನಾಗುತ್ತಾನೆ. ಈಗ 'ವಾತಾಪಿ' ಎಂದು ಬರೆದು ಇದೇ ಮೆಟ್ಟಿಲುಗಳನ್ನು ಇಳಿದು ನೋಡಿ. ವಾ ಬಾ ಆಗುತ್ತದೆ, ತಾ ದಾ ಆಗುತ್ತದೆ, ಪಿ ಮೊದಲು ವಿ ಆಗಿ ಬಳಿಕ ಮಿ ಆಗುತ್ತದೆ. ವಾತಾಪಿ, ಬಾದಾವಿ, ಬಾದಾಮಿ. ಬಂಡೆಯ ಬಣ್ಣಕ್ಕೂ ಒಣಹಣ್ಣಿನ ಅಂಗಡಿಗೂ ಇಲ್ಲಿ ಯಾವ ಕೆಲಸವೂ ಇಲ್ಲ.

ಆ ಹಳೆಯ ಹೆಸರಾದರೂ ಸಾಮಾನ್ಯದ್ದೇ? ಒಂದನೆಯ ಪುಲಕೇಶಿ ಇಲ್ಲಿನ ಬೆಟ್ಟದ ಮೇಲೆ ಕೋಟೆ ಕಟ್ಟಿಸಿದ್ದನ್ನು ಶಕವರ್ಷ ೪೬೫ರ, ಎಂದರೆ ಕ್ರಿ.ಶ. ೫೪೩ರ ಬಂಡೆಗಲ್ಲ ಶಾಸನ ದಾಖಲಿಸಿದೆ. ಮಂಗಳೇಶನ ಶಾಸನವಿರುವ ಮೂರನೆಯ ಗುಹೆ, ವಿಷ್ಣುವಿನ ಆ ಭವ್ಯವಾದ ಗುಹಾಲಯ, ೫೭೮ರದು. ನರ್ಮದೆಯ ದಡದಲ್ಲಿ ಹರ್ಷವರ್ಧನನನ್ನು ತಡೆದು ನಿಲ್ಲಿಸಿದ ಇಮ್ಮಡಿ ಪುಲಕೇಶಿ ಆಳಿದ ರಾಜಧಾನಿಯಿದು. ಅಗಸ್ತ್ಯತೀರ್ಥದ ಆಚೆಯ ಬಂಡೆಯೊಂದರ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು ಕ್ರಿ.ಶ. ೭೦೦ರದೆಂದು ವಿದ್ವಾಂಸರು ಹೇಳುವ ಆ ಬರಹ ಕನ್ನಡ ತ್ರಿಪದಿಯ ಅತಿ ಪ್ರಾಚೀನ ಮಾದರಿ. ಬೀಸುವ ಕಲ್ಲಿನ ಮುಂದೆ ನಮ್ಮ ಅಜ್ಜಿಯರು ಹಾಡಿದ್ದು, ಸರ್ವಜ್ಞ ಬಳಸಿದ್ದು ಅದೇ ಮೂರು ಸಾಲಿನ ಛಂದಸ್ಸನ್ನು. ಊರಿಗೂ ಹಾಡಿಗೂ ಇರುವ ನಂಟಿಗೆ ಕಲ್ಲಿನ ಮೇಲೆಯೇ ಸಾಕ್ಷಿಯಿರುವಾಗ, ಮಕ್ಕಳನ್ನು ಅಲ್ಲಿಯವರೆಗೆ ಕರೆದುಕೊಂಡು ಹೋಗಿ ಬಂಡೆಯ ಬಣ್ಣವನ್ನಷ್ಟೇ ತೋರಿಸಿ ಕರೆತರುವುದನ್ನು ಏನೆನ್ನಬೇಕು?

ವಾತಾಪಿಯ ಕಥೆ ಊಟದ ಕಥೆಯೂ ಹೌದೆಂಬುದು ನನಗೆ ಬಲು ಇಷ್ಟವಾದ ವಿಚಾರ. ಇಲ್ವಲ, ವಾತಾಪಿ ಎಂಬ ರಾಕ್ಷಸ ಸಹೋದರರು. ತಮ್ಮನನ್ನು ಟಗರಾಗಿ ಮಾಡಿ, ಕೊಂದು ಬೇಯಿಸಿ, ಅತಿಥಿಗೆ ಬಡಿಸಿ, ಊಟವಾದ ಮೇಲೆ ಅಣ್ಣ ಕೂಗಿದರೆ ತಮ್ಮ ಹೊಟ್ಟೆ ಸೀಳಿಕೊಂಡು ಹೊರಗೆ ಬರುತ್ತಿದ್ದ. ಅಗಸ್ತ್ಯರು ಮಾತ್ರ ಹೊಟ್ಟೆ ನೇವರಿಸಿಕೊಂಡು ಅವನನ್ನು ಅರಗಿಸಿಬಿಟ್ಟರು. ಹಾಲುಗೂಸಿನ ಹೊಟ್ಟೆಯನ್ನು ಮೆಲ್ಲಗೆ ಸವರುತ್ತ 'ವಾತಾಪಿ ಜೀರ್ಣೋಭವ' ಎನ್ನುವ ಅಜ್ಜಿಯರು ನಮ್ಮ ಬಂಧುಗಳಲ್ಲಿ ಈಗಲೂ ಇದ್ದಾರೆ. ಅವರಲ್ಲಿ ಎಷ್ಟು ಮಂದಿಗೆ ತಾವು ಕರೆಯುತ್ತಿರುವುದು ನಮ್ಮ ಬಾದಾಮಿಯ ಹಳೆಯ ಹೆಸರನ್ನು ಎಂಬುದು ಹೊಳೆದಿದೆಯೋ ಕಾಣೆ.

ಇನ್ನು ಸಂಗೀತ. ಕರ್ನಾಟಕ ಸಂಗೀತದ ಕಛೇರಿಗೆ ಒಮ್ಮೆಯಾದರೂ ಹೋದವರು ಮುತ್ತುಸ್ವಾಮಿ ದೀಕ್ಷಿತರ 'ವಾತಾಪಿ ಗಣಪತಿಂ' ಕೃತಿಯನ್ನು ಕೇಳದಿರುವುದು ಕಷ್ಟ. ರಾಗ ಹಂಸಧ್ವನಿ. ಆ ರಾಗವನ್ನು ರೂಪಿಸಿದವರೆಂದು ಹೇಳುವುದು ಅವರ ತಂದೆ ರಾಮಸ್ವಾಮಿ ದೀಕ್ಷಿತರನ್ನು. ಇಪ್ಪತ್ತೊಂಬತ್ತನೆಯ ಮೇಳವಾದ ಧೀರಶಂಕರಾಭರಣದಿಂದ ಮಧ್ಯಮ ಧೈವತಗಳೆರಡನ್ನೂ ತೆಗೆದರೆ ಉಳಿಯುವ ಐದು ಸ್ವರಗಳಷ್ಟೇ ಅದರ ಬಂಡವಾಳ. ಅಷ್ಟರಲ್ಲೇ ಸಭೆ ಬೆಳಗುತ್ತದೆ. ಭೆಂಡಿಬಜಾರ್ ಘರಾಣೆಯ ಅಮಾನ್ ಅಲಿ ಖಾನರಂಥವರ ಮೂಲಕ ಈ ರಾಗ ಹಿಂದೂಸ್ತಾನಿಗೂ ಹೋಯಿತು. ಹೀಗೆ ನಮ್ಮ ಊರಿನ ಹೆಸರು ತಮಿಳುನಾಡಿನ ತಿರುವಾರೂರು ಸೀಮೆಯ ಒಂದು ಕೃತಿಯಲ್ಲಿ ಕುಳಿತು ಜಗತ್ತನ್ನೆಲ್ಲ ಸುತ್ತಿತು.

ಅದು ಅಲ್ಲಿಗೆ ಹೋದದ್ದು ಹೇಗೆ? ಜನ ಹೇಳುವ ಕಥೆ ಸೊಗಸಾಗಿದೆ. ೬೪೨ರಲ್ಲಿ ಪಲ್ಲವರ ಒಂದನೆಯ ನರಸಿಂಹವರ್ಮ ವಾತಾಪಿಯನ್ನು ಗೆದ್ದ. ಅವನ ದಂಡನಾಯಕ ಪರಂಜೋತಿ, ಮುಂದೆ ಶಿವಭಕ್ತನಾಗಿ ಶಿರುತ್ತೊಂಡರ್ ಎಂದು ಹೆಸರಾದವನು, ಇಲ್ಲಿನ ಗಣಪತಿಯ ವಿಗ್ರಹವನ್ನು ತನ್ನ ಊರು ತಿರುಚ್ಚೆಂಗಾಟ್ಟಂಗುಡಿಗೆ ಕೊಂಡೊಯ್ದ. ಯುದ್ಧ ನಡೆದದ್ದು, ಪಲ್ಲವರು ಊರನ್ನು ಹಿಡಿದದ್ದು ನಿಸ್ಸಂಶಯ; ನರಸಿಂಹವರ್ಮನ ಶಾಸನ ಬಾದಾಮಿಯ ಬಂಡೆಯ ಮೇಲೆಯೇ ಇದೆ. 'ವಾತಾಪಿಕೊಂಡ' ಎಂಬ ಬಿರುದನ್ನೂ ಅವನು ಧರಿಸಿದ. ಆದರೆ ವಿಗ್ರಹದ ಮಾತು ಬೇರೆ. ಶಿರುತ್ತೊಂಡರ್ ಕಥೆಯನ್ನು ವಿಸ್ತಾರವಾಗಿ ಹೇಳುವ ಹನ್ನೆರಡನೆಯ ಶತಮಾನದ 'ಪೆರಿಯ ಪುರಾಣಂ' ವಾತಾಪಿಯ ಲೂಟಿಯನ್ನು ವರ್ಣಿಸುತ್ತದೆಯಾದರೂ ಅಲ್ಲಿಂದ ಗಣಪತಿಯನ್ನು ತಂದನೆಂದು ಹೇಳುವುದಿಲ್ಲ. ವಿಗ್ರಹದ ಕಥೆ ತೀರ ಈಚಿನದೆಂಬುದು ಇದನ್ನು ಪರಿಶೀಲಿಸಿದ ಇತಿಹಾಸಕಾರರ ಅಭಿಪ್ರಾಯ. ನನಗೂ ಅದೇ ಸರಿಯೆನಿಸುತ್ತದೆ. ನಮ್ಮವರು ಕೆಲವರು "ನಮ್ಮ ಗಣಪತಿಯನ್ನು ಕದ್ದರು" ಎಂದು ಈಗಲೂ ಕಾವೇರುವುದುಂಟು. ಸಾಕ್ಷ್ಯವಿಲ್ಲದ ಕಳವಿಗಾಗಿ ಹದಿಮೂರು ಶತಮಾನಗಳ ಬಳಿಕ ದೂರು ಕೊಡುವುದು ನನಗೆ ಒಪ್ಪಿಗೆಯಿಲ್ಲ. ಊರವರೇ ಮರೆತ ಹೆಸರನ್ನು ಆ ಸೀಮೆಯ ಹಾಡುಗಾರರು ಉಳಿಸಿಕೊಟ್ಟಿದ್ದಾರೆ, ಅದು ನನ್ನ ಲೆಕ್ಕದಲ್ಲಿ ಸಾಲ.

ಈಗ ತಿನ್ನುವ ಬಾದಾಮಿಗೆ ಬರೋಣ. ಆ ಪದ ಪಾರಸಿಯ 'ಬಾದಾಮ್'ನಿಂದ ನಮಗೆ ಬಂದದ್ದು. ತಮಾಷೆಯೆಂದರೆ, ಅದಕ್ಕೂ ಹಿಂದಿನ ಮಧ್ಯಕಾಲೀನ ಪಾರಸಿಯಲ್ಲಿ ಅದರ ರೂಪ 'ವಾದಾಮ್'. ಅಲ್ಲಿಯೂ ವಕಾರವೇ ಬಕಾರವಾಗಿದೆ! ಚರಕ ಸಂಹಿತೆಯಲ್ಲಿ 'ಅಕ್ಷೋಟ', ಎಂದರೆ ಅಕ್ರೋಡಿನ ಜೊತೆಗೆ ಬರುವ 'ವಾತಾಮ'ವೂ ಈ ಬಾದಾಮಿಯೇ. ಪಾರಸಿಯ ವಾದಾಮ್, ಸಂಸ್ಕೃತದ ವಾತಾಮ, ನಮ್ಮ ವಾತಾಪಿ. ಧ್ವನಿಗಳು ಇಷ್ಟು ಹತ್ತಿರ ಇರುವಾಗ ಊರಿನ ಹೆಸರು ಸವೆದು ಸವೆದು ಒಣಹಣ್ಣಿನ ಹೆಸರಿನೊಡನೆ ಒಂದಾದದ್ದರಲ್ಲಿ ಆಶ್ಚರ್ಯವಿಲ್ಲ. ಒಂದಾದ ಮೇಲೆ ಜನರಿಗೆ ಕಾರಣ ಬೇಕಾಯಿತು. ಬಂಡೆಯ ಬಣ್ಣ ಎದುರಿಗೇ ಇತ್ತು.

ಇಂಥ ಕೆಲಸವನ್ನು ಬಾದಾಮಿ ನಮ್ಮಲ್ಲಿ ಮಾತ್ರ ಮಾಡಿದ್ದಲ್ಲ. ಇಟಲಿಯವರು ಬಾದಾಮಿಗೆ 'ಮಾಂದೊರ್ಲಾ' ಎನ್ನುತ್ತಾರೆ. ಮ್ಯಾಂಡೊಲಿನ್ ವಾದ್ಯ ಹುಟ್ಟಿದ್ದು ಅವರ ನಾಡಿನಲ್ಲಿಯೇ. ನೇಪಲ್ಸ್ ಮಾದರಿಯ ಹಳೆಯ ಮ್ಯಾಂಡೊಲಿನ್ ಅನ್ನು ಬೋರಲು ಹಾಕಿ ನೋಡಿದರೆ, ತೆಳುವಾದ ಮರದ ಪಟ್ಟಿಗಳನ್ನು ಬಾಗಿಸಿ ಕೂಡಿಸಿದ ಆ ಉಬ್ಬಿದ ಬೆನ್ನು ಹೋಳು ಮಾಡಿದ ಬಾದಾಮಿಯಂತೆಯೇ ಕಾಣುತ್ತದೆ. ಹಾಗಾಗಿ ವಾದ್ಯಕ್ಕೆ ಬಾದಾಮಿಯಿಂದಲೇ ಹೆಸರು ಬಂತೆಂದು ಬಹುಮಂದಿ ನಂಬಿದ್ದಾರೆ. ನಿಘಂಟುಕಾರರು ಹೇಳುವ ದಾರಿ ಬೇರೆ. ಮ್ಯಾಂಡೊಲಿನ್ ಎಂದರೆ ಚಿಕ್ಕ 'ಮಾಂದೊಲಾ'. ಅದರ ಹಿಂದಿನದು 'ಮಾಂದೊರಾ'. ಅದರ ಬೇರು 'ಪಾಂಡೂರಾ' ಎಂಬ ಗ್ರೀಕ್ ತಂತಿವಾದ್ಯದ ಹೆಸರಿನಲ್ಲಿ. ಇಲ್ಲಿಯೂ ಪಕಾರ ಮಕಾರವಾಗಿರುವುದನ್ನು ಗಮನಿಸಿ. ಸವೆದ ಪದ, ಎದುರಿಗೊಂದು ಹೋಲಿಕೆ, ಅದಕ್ಕೊಂದು ಕಥೆ. ನಮ್ಮ ವಾತಾಪಿಗೆ ಆದದ್ದೇ ಅವರ ಪಾಂಡೂರಾಕ್ಕೂ ಆಯಿತು.

ಆ ವಾದ್ಯದ ಮಾತು ಬಂದಾಗ ಯು. ಶ್ರೀನಿವಾಸ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಆಂಧ್ರದ ಪಾಲಕೊಲ್ಲಿನಲ್ಲಿ ೧೯೬೯ರಲ್ಲಿ ಹುಟ್ಟಿದ ಅವರು ಬಾಲಕನಾಗಿದ್ದಾಗಲೇ ವೇದಿಕೆಯೇರಿದರು. ೧೯೯೮ರಲ್ಲಿ ಪದ್ಮಶ್ರೀ ಬಂತು. ೨೦೧೪ರಲ್ಲಿ, ನಲವತ್ತೈದರ ವಯಸ್ಸಿನಲ್ಲಿ, ತೀರಿಕೊಂಡರು. ಮ್ಯಾಂಡೊಲಿನ್ ನಮ್ಮ ಸಂಗೀತಕ್ಕೆ ಸುಲಭವಾಗಿ ಒಗ್ಗುವ ವಾದ್ಯವಲ್ಲ. ತಂತಿ ಗಿಡ್ಡ, ಮೀಟಿದ ನಾದ ಕ್ಷಣದಲ್ಲಿ ಆರಿಹೋಗುತ್ತದೆ, ಕತ್ತಿನ ಮೇಲೆ ಮೆಟ್ಟಿಲುಗಳಿವೆ. ಗಮಕಕ್ಕೆ ಬೇಕಾದ ಜಾರು, ಒಲೆತಗಳು ಅಲ್ಲಿ ಹೇಗೆ ಹುಟ್ಟಬೇಕು? ಎರಡೆರಡರಂತೆ ಕಟ್ಟುವ ಎಂಟು ತಂತಿಗಳನ್ನು ಬಿಟ್ಟು ಒಂಟಿಯಾದ ಐದು ತಂತಿಗಳನ್ನು ಅವರು ಇಟ್ಟುಕೊಂಡರು, ವಿದ್ಯುತ್ ಮ್ಯಾಂಡೊಲಿನ್ನನ್ನು ಹಿಡಿದರು, ತಂತಿಯನ್ನು ಪಕ್ಕಕ್ಕೆಳೆದು ಗಮಕ ನುಡಿಸಿದರು. ಪರದೇಶದ ವಾದ್ಯವೆಂದು ಮೂಗು ಮುರಿದವರೂ ಕೊನೆಗೆ ಕಿವಿ ಕೊಟ್ಟರು. ಮೂಗು ಮುರಿದವರು ಒಂದನ್ನು ಮರೆತಿದ್ದರು. ಮ್ಯಾಂಡೊಲಿನ್ನಿಗೂ ಪಿಟೀಲಿಗೂ ಪಾಶ್ಚಾತ್ಯರಲ್ಲಿ ಶ್ರುತಿ ಮಾಡುವ ಕ್ರಮ ಒಂದೇ. ಆ ಪಿಟೀಲನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರೆಂದು ಹೆಸರಾದವರು ಬಾಲುಸ್ವಾಮಿ ದೀಕ್ಷಿತರು, ಮುತ್ತುಸ್ವಾಮಿ ದೀಕ್ಷಿತರ ತಮ್ಮ. ತಂದೆ ಹಂಸಧ್ವನಿಯನ್ನು ಕೊಟ್ಟರು, ಹಿರಿಯ ಮಗ ಅದರಲ್ಲಿ ವಾತಾಪಿಯ ಗಣಪತಿಯನ್ನು ಹಾಡಿದರು, ಕಿರಿಯ ಮಗ ಹೊರಗಿನ ವಾದ್ಯಕ್ಕೆ ಬಾಗಿಲು ತೆರೆದರು. ಒಂದೇ ಮನೆ!

ಗ್ರೀಕರಿಗೆ ಬಾದಾಮಿ 'ಅಮಿಗ್ದಾಲೆ'. ನಮ್ಮ ಮೆದುಳಿನ ಒಳಗೆ, ಕಿವಿಗಳ ನೇರಕ್ಕೆ, ಎರಡೂ ಬದಿಗಳಲ್ಲಿ ಬಾದಾಮಿಯಾಕಾರದ ಒಂದೊಂದು ಗಂಟು ಇದೆ. ಅದಕ್ಕೆ ವೈದ್ಯರು ಅಮಿಗ್ಡಲಾ ಎಂದೇ ಹೆಸರಿಟ್ಟಿದ್ದಾರೆ. ಭಯ, ಸಂತೋಷಗಳ ಜೊತೆಗೆ ಬೆಸೆದುಕೊಂಡ ನೆನಪುಗಳು ಗಟ್ಟಿಯಾಗಿ ನಿಲ್ಲುವುದರಲ್ಲಿ ಅದರ ಪಾತ್ರ ದೊಡ್ಡದು. ಹಾಡು ಕೇಳಿ ಮೈ ನವಿರೇಳುವ ಹೊತ್ತಿನಲ್ಲಿ ಮೆದುಳಿನಲ್ಲಿ ನಡೆಯುವುದೇನೆಂದು ಕೆನಡಾದ ಮಾಂಟ್ರಿಯಲ್ಲಿನ ಸಂಶೋಧಕರು ನೋಡಿ ೨೦೦೧ರಲ್ಲಿ ಪ್ರಕಟಿಸಿದರು. ಆ ಹೊತ್ತಿನಲ್ಲಿ ರಕ್ತಸಂಚಾರ ಬದಲಾಗುವ ಭಾಗಗಳಲ್ಲಿ ಈ ಬಾದಾಮಿಯೂ ಒಂದು. ನೆನಪಿಗೂ ಬಾದಾಮಿಗೂ ನಿಜವಾದ ಸಂಬಂಧವಿದ್ದರೆ ಇಲ್ಲಿದೆ ಎಂದು ನಾನು ಕೆಲವೊಮ್ಮೆ ನಗೆಯಾಡುವುದುಂಟು. ಅಂಗಡಿಯಿಂದ ತರಬೇಕಾಗಿಲ್ಲ, ಹುಟ್ಟುವಾಗಲೇ ಎರಡು ಕೊಟ್ಟು ಕಳಿಸಿರುತ್ತಾರೆ.

ನಗೆಯಾಡಿದೆನಾದರೂ ನಾನು ಇಷ್ಟೆಲ್ಲ ಬರೆಯಲು ಹೊರಟ ಕಾರಣ ನಗುವಿನದಲ್ಲ. ಬಾದಾಮಿ ತಿಂದರೆ ಜ್ಞಾಪಕಶಕ್ತಿ ಹೆಚ್ಚುತ್ತದೆ ಎಂಬ ಮಾತು ನಮ್ಮ ಮನೆಗಳಲ್ಲಿ ವೇದವಾಕ್ಯದಂತೆ ನಡೆಯುತ್ತದೆ. ಪರೀಕ್ಷೆ ಹತ್ತಿರ ಬಂದರೆ ರಾತ್ರಿ ಐದೋ ಎಂಟೋ ಬಾದಾಮಿ ನೆನೆಹಾಕಿ ಬೆಳಗ್ಗೆ ಸಿಪ್ಪೆ ಸುಲಿದು ಮಗುವಿನ ಬಾಯಿಗಿಡುವುದು ವಾಡಿಕೆ. ಕೊಡಬಲ್ಲವರು ಕೊಡಲಿ, ತಕರಾರಿಲ್ಲ. ಆದರೆ ಎಸ್ಸೆಸ್ಸೆಲ್ಸಿ ವರ್ಷದಲ್ಲಿ ನನ್ನ ಬಳಿಗೆ ಬಂದು ಕಣ್ಣೀರು ಹಾಕಿದ ತಾಯಿಯೊಬ್ಬರು ನೆನಪಾಗುತ್ತಾರೆ. ಹೊಲಗೆಲಸಕ್ಕೆ ಹೋಗುವ ಹೆಣ್ಣುಮಗಳು. ಯಾರೋ ಹೇಳಿದರೆಂದು ಕಿರಾಣಿ ಅಂಗಡಿಯಲ್ಲಿ ಸಾಲ ಬರೆಸಿ ಕಾಲು ಕಿಲೋ ಬಾದಾಮಿ ತಂದಿದ್ದರು. ಅದು ಮುಗಿದ ಮೇಲೆ ಮತ್ತೆ ತರಲಾಗಲಿಲ್ಲ. "ಸರ, ಉಳಿದವರ ಮಕ್ಕಳು ದಿನಾ ತಿಂತಾರಂತ, ನನ್ನ ಮಗಳು ಹಿಂದ ಬಿದ್ದರ ಅದು ನನ್ನ ತಪ್ಪು ಆಗತೈತಿ" ಎಂದರು. ಆ ಸಾಲ ತೀರಿಸಲೆಂದು ಮನೆಯಲ್ಲಿ ಹಾಲು ನಿಲ್ಲಿಸಿದ್ದರು. ಹುಡುಗಿ ಬೆಳಗಿನ ತಿಂಡಿಯಿಲ್ಲದೆ ಶಾಲೆಗೆ ಬರುತ್ತಿದ್ದಳು. ಅವರ ಮನೆಯ ಮೂಲೆಯಲ್ಲಿ, ಅವರೇ ದುಡಿದ ಹೊಲದಿಂದ ಕೂಲಿಯ ಜೊತೆಗೆ ಬಂದ ಶೇಂಗಾದ ಚೀಲವಿತ್ತು. "ಅದನ್ನ ಹುರಿದು ಬೆಲ್ಲದ ಜೊತೆ ಕೊಡಿ, ಹಾಲು ಮತ್ತೆ ಹಚ್ಚಿಸಿ" ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. "ಅದು ಬಡವರ ಬಾದಾಮಿ ಅಲ್ಲೇನ್ರಿ" ಎಂದರು.

ಬಡವರ ಬಾದಾಮಿ! ಈ ಎರಡು ಪದಗಳ ಮೇಲೆ ನನಗಿರುವ ಸಿಟ್ಟು ಅಂದಿನಿಂದ ಇಳಿದಿಲ್ಲ. ಹೇಳುವವರು ಹೊಗಳಿಕೆಯೆಂದೇ ಹೇಳುತ್ತಾರೆ. ಆದರೆ ಕೇಳುವ ಬಡವನ ಕಿವಿಗೆ ಅದು ನಿಜವಾದದ್ದಲ್ಲ, ಇಲ್ಲದವನಿಗಾಗಿ ಇರುವ ಬದಲಿ ಎಂದೇ ಕೇಳಿಸುತ್ತದೆ. ಲೆಕ್ಕ ನೋಡೋಣ. ನೂರು ಗ್ರಾಂ ಬಾದಾಮಿಯಲ್ಲಿ ಸುಮಾರು ೨೧ ಗ್ರಾಂ ಪ್ರೋಟೀನು. ನೂರು ಗ್ರಾಂ ಶೇಂಗಾದಲ್ಲಿ ಸುಮಾರು ೨೫ ಗ್ರಾಂ. ಜಿಡ್ಡು ಎರಡರಲ್ಲೂ ಅರ್ಧದಷ್ಟು, ಶಕ್ತಿಯೂ ಹೆಚ್ಚುಕಡಿಮೆ ಸಮ. ಫೋಲೇಟ್ ಎಂಬ ಜೀವಸತ್ವ ಶೇಂಗಾದಲ್ಲಿ ಹಲವು ಪಟ್ಟು ಹೆಚ್ಚು. ಬಾದಾಮಿ ಗೆಲ್ಲುವ ಕಡೆಗಳೂ ಇವೆ, ಅವನ್ನು ಮುಚ್ಚಿಡಬಾರದು: 'ಇ' ಜೀವಸತ್ವ ಶೇಂಗಾದಲ್ಲಿರುವುದರ ಸುಮಾರು ಮೂರು ಪಟ್ಟು, ಸುಣ್ಣದ ಅಂಶವೂ ನಾರೂ ಹೆಚ್ಚು. ಒಳ್ಳೆಯ ಆಹಾರ ಅದು, ಹೃದಯಕ್ಕೂ ಹಿತ. ಆದರೆ ದಿನಕ್ಕೆ ಐದು ಬಾದಾಮಿಯೆಂದರೆ ಆರು ಗ್ರಾಮಿನಷ್ಟು. ಅಷ್ಟರಿಂದ ಮಗುವಿನ ಅಂಕ ಏರುತ್ತದೆನ್ನುವುದಕ್ಕೆ ಗಟ್ಟಿಯಾದ ಪುರಾವೆಯಿಲ್ಲ. ಹೊಟ್ಟೆ ತುಂಬಿದ ಮಗು ಪಾಠಕ್ಕೆ ಕಿವಿ ಕೊಡುತ್ತದೆನ್ನುವುದಕ್ಕೆ ನನ್ನ ಮೂವತ್ತು ವರ್ಷಗಳ ತರಗತಿಯೇ ಪುರಾವೆ. ನೆನೆಸುವುದರಿಂದ ಸಿಪ್ಪೆ ಸುಲಿಯಲು, ಅಗಿಯಲು ಸುಲಭವಾಗುತ್ತದೆ, ಅಷ್ಟೆ. ಇಡಿಯಾಗಿ ತಿಂದ ಬಾದಾಮಿಯ ಜಿಡ್ಡಿನಲ್ಲಿ ಒಂದು ಪಾಲು ಅರಗದೆಯೇ ಹೊರಗೆ ಹೋಗುತ್ತದೆಂದು ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ೨೦೧೨ರಲ್ಲಿ ಅಳೆದು ತೋರಿಸಿದ್ದಾರೆ. ಊರಿನ ವಾತಾಪಿಯನ್ನು ಅರಗಿಸಿದ ಅಗಸ್ತ್ಯರ ಮಂತ್ರ ಈ ಬಾದಾಮಿಗೆ ಪೂರ್ತಿ ತಾಗುವುದಿಲ್ಲವೆಂದಾಯಿತು.

ಶೇಂಗಾವೂ ನಮ್ಮ ಮೂಲದ್ದಲ್ಲ, ದಕ್ಷಿಣ ಅಮೆರಿಕದಿಂದ ಬಂದದ್ದು ಎಂದು ನನ್ನ ವಿದ್ಯಾರ್ಥಿಗಳಲ್ಲಿ ಯಾರಾದರೂ ಕೈಯೆತ್ತಬಹುದು. ಸರಿಯೇ. ಆದರೆ ಬಂದ ಮೇಲೆ ಅದು ನೆಲಕ್ಕಿಳಿಯಿತು, ಅಕ್ಷರಶಃ. ಹೂವು ಬಿಟ್ಟ ಮೇಲೆ ಕಾಂಡ ಬಾಗಿ ಮಣ್ಣೊಳಗೆ ಹೊಕ್ಕು ಅಲ್ಲಿ ಕಾಯಾಗುವ ಬೆಳೆ. ಬೇರಿನ ಗಂಟುಗಳಲ್ಲಿ ಸಾರಜನಕವನ್ನು ಹಿಡಿದಿಡುವ ದ್ವಿದಳ ಧಾನ್ಯ. ಉತ್ತರ ಕರ್ನಾಟಕದ ಅಡುಗೆಮನೆಯಿಂದ ಶೇಂಗಾವನ್ನು ತೆಗೆದರೆ ಉಳಿಯುವುದೇನು? ಶೇಂಗಾ ಹಿಂಡಿ, ಶೇಂಗಾ ಹೋಳಿಗೆ, ಶೇಂಗಾ ಉಂಡಿ, ಬದನೆಕಾಯಿ ಎಣ್ಣೆಗಾಯಿಯ ಮಸಾಲೆ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಅದಕ್ಕೊಂದು ಪರಿಷೆಯೇ ನಡೆಯುತ್ತದೆ. ಸರಕಾರಿ ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಕೆಲವು ವರ್ಷ ಬಾಳೆಹಣ್ಣನ್ನೋ ಶೇಂಗಾ ಚಿಕ್ಕಿಯನ್ನೋ ಕೊಟ್ಟದ್ದೂ ಉಂಟು; ಒಳ್ಳೆಯ ಕೆಲಸವದು. ಒಂದೇ ಎಚ್ಚರಿಕೆ ಬೇಕು, ಬೂಷ್ಟು ಹಿಡಿದ ಶೇಂಗಾವನ್ನು ಮಕ್ಕಳಿಗೆ ಕೊಡಬಾರದು. ಅದರಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಬಾದಾಮಿಗೆ ಇಷ್ಟು ಪ್ರತಿಷ್ಠೆ ಬರಲು ಅದು ದೂರದಿಂದ ಬರುವುದೇ ಒಂದು ಕಾರಣವೆಂದು ನನ್ನ ಗುಮಾನಿ. ಮೊಗಲರ ಕಾಲದಲ್ಲಿ ಸೂರತ್ತಿನ ಪೇಟೆಯಲ್ಲಿ ಪರ್ಷಿಯಾದಿಂದ ತಂದ ಕಹಿ ಬಾದಾಮಿಯನ್ನು ಚಿಲ್ಲರೆ ನಾಣ್ಯದಂತೆ ಬಳಸುತ್ತಿದ್ದರೆಂದು ಯುರೋಪಿನ ಪ್ರವಾಸಿಗರು ಬರೆದಿಟ್ಟಿದ್ದಾರೆ. ಕಹಿಯದನ್ನೇ ಏಕೆ? ಯಾರೂ ತಿಂದು ಮುಗಿಸಲಾರರೆಂದು! ಕಹಿ ಬಾದಾಮಿಯಲ್ಲಿರುವ ಅಮಿಗ್ಡಾಲಿನ್ ಎಂಬ ವಸ್ತು ಹೊಟ್ಟೆಯಲ್ಲಿ ಸಯನೈಡ್ ವಿಷವಾಗುತ್ತದೆ. ಕಾಡಿನ ಬಾದಾಮಿಯೆಲ್ಲ ಹಾಗೆಯೇ ಇದ್ದುದು. ಒಂದು ವಂಶವಾಹಿಯಲ್ಲಾದ ಸಣ್ಣ ಬದಲಾವಣೆ ಅದನ್ನು ಸಿಹಿಯಾಗಿಸಿತೆಂದು ೨೦೧೯ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಇಂದು ಜಗತ್ತಿನ ಬಾದಾಮಿಯಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಬೆಳೆಯುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಫೆಬ್ರವರಿಯಲ್ಲಿ ಹೂ ಬಿಟ್ಟಾಗ ಪರಾಗಸ್ಪರ್ಶಕ್ಕಾಗಿ ದೇಶದ ಮೂಲೆಮೂಲೆಗಳಿಂದ ಲಾರಿಗಳಲ್ಲಿ ಲಕ್ಷಾಂತರ ಜೇನುಪೆಟ್ಟಿಗೆಗಳನ್ನು ಸಾಗಿಸುತ್ತಾರಂತೆ. ನಮ್ಮ ಕಾಶ್ಮೀರದಲ್ಲಿಯೂ ಬಾದಾಮಿಯುಂಟು. ಶ್ರೀನಗರದ ಬಾದಾಮ್‌ವಾರಿ ತೋಟದಲ್ಲಿ ಅದು ಹೂ ಬಿಟ್ಟರೆ ವಸಂತ ಬಂತೆಂದು ಲೆಕ್ಕ.

ಹೆಸರಿನ ಮೋಹಕ್ಕೆ ಇನ್ನೂ ಉದಾಹರಣೆ ಬೇಕೆ? ಆಪೂಸು ಮಾವು ನಮ್ಮಲ್ಲಿ 'ಬಾದಾಮಿ'. ಮಿಠಾಯಿ ಅಂಗಡಿಯ ಬಾದಾಮ್ ಪುರಿಯಲ್ಲಿ ಎಷ್ಟೋ ಸಲ ಬಾದಾಮಿಯೇ ಇರುವುದಿಲ್ಲ, ಮೈದಾ ಮತ್ತು ಸಕ್ಕರೆ ಪಾಕವಿರುತ್ತದೆ. ಸಿಹಿತಿಂಡಿಗಳಲ್ಲಿ ಬಾದಾಮಿಯದೆಂದು ನಾವು ಸವಿಯುವ ಘಮ ಬೆಂಜಾಲ್ಡಿಹೈಡ್ ಎಂಬ ರಾಸಾಯನಿಕದ್ದು. ಅದನ್ನು ಕಾರ್ಖಾನೆಯಲ್ಲಿಯೂ ಮಾಡುತ್ತಾರೆ. ನಮ್ಮ ಶಾಲೆಯ ಅಂಗಳದಲ್ಲಿದ್ದ 'ಕಾಡುಬಾದಾಮಿ' ಮರವನ್ನು ನನ್ನ ವಿದ್ಯಾರ್ಥಿಗಳು ಮರೆತಿರಲಾರರು. ಕೆಂಪಾಗಿ ಉದುರುವ ಅಗಲವಾದ ಎಲೆಗಳು, ಬಿಡುವಿನ ವೇಳೆಯಲ್ಲಿ ಕಲ್ಲಿಗೆ ಕಲ್ಲು ಕುಟ್ಟಿ ಬೀಜ ಒಡೆಯುವ ಸದ್ದು, ಅಂಗಿಯ ಮೇಲೆ ಆ ಹಣ್ಣಿನ ಕಲೆ. ಆ ಮರಕ್ಕೂ ಬಾದಾಮಿಗೂ ರಕ್ತಸಂಬಂಧವಿಲ್ಲ. ಅದು ಅಳಲೆ, ತಾರೆ, ಮತ್ತಿಗಳ ದಾಯಾದಿ. ನಿಜವಾದ ಬಾದಾಮಿ ಗುಲಾಬಿಯ ಕುಲದ್ದು, ಪೀಚು ಏಪ್ರಿಕಾಟುಗಳ ಸೋದರಿ. ಆದರೂ ಆ ಮರದ ಕೆಳಗೆ ಕುಳಿತು ಬೀಜ ಕುಟ್ಟಿ ತಿಂದವರಲ್ಲಿ ಇಂದು ಎಂಜಿನಿಯರರಾದವರಿದ್ದಾರೆ, ವೈದ್ಯರಾದವರಿದ್ದಾರೆ, ನನಗಿಂತ ಒಳ್ಳೆಯ ಕನ್ನಡ ಮೇಷ್ಟ್ರಾದವರೂ ಇದ್ದಾರೆ. ಅವರಲ್ಲಿ ಹಲವರು ಮನೆಯಲ್ಲಿ ಬಾದಾಮಿಯ ಮುಖವನ್ನೇ ಕಂಡವರಲ್ಲ.

ಶಾಲೆಗಳಲ್ಲಿ ಈಗ ಪಾಠ ಹೇಳುತ್ತಿರುವ ನನ್ನ ಶಿಷ್ಯರಲ್ಲಿ ಒಂದು ಕೇಳಿಕೆಯಿದೆ. ಬಾದಾಮಿಗೆ ಮಕ್ಕಳನ್ನು ಕರೆದೊಯ್ಯುವ ಮುನ್ನ ವಸತಿ–ಬಸದಿಯ ಪಾಠವನ್ನು ಮಾಡಿ, ವಾತಾಪಿ ಎಂದು ಹಲಗೆಯ ಮೇಲೆ ಬರೆದು, ಮುಂದಿನದನ್ನು ಮಕ್ಕಳೇ ಕಂಡುಹಿಡಿಯಲು ಬಿಡಿ. ಹಂಸಧ್ವನಿಯ ಆ ಕೃತಿಯನ್ನು ಬಸ್ಸಿನಲ್ಲಿ ಒಮ್ಮೆ ಕೇಳಿಸಿ. ನಾಲ್ಕು ಗುಹೆ ನೋಡಿ ಓಡಿಬರದೆ ಕಪ್ಪೆ ಅರಭಟ್ಟನ ಬಂಡೆಯವರೆಗೂ ನಡೆಯಿರಿ. ಪುಷ್ಯದಲ್ಲಿ ಹೋದರಂತೂ ಬನಶಂಕರಿ ಜಾತ್ರೆಯಿದೆ; ಪಲ್ಲೇದ ಹಬ್ಬದಲ್ಲಿ ದೇವಿಗೆ ನೂರೆಂಟು ಬಗೆಯ ತರಕಾರಿಯ ನೈವೇದ್ಯ, ಊರಲ್ಲಿ ಬೆಳತನಕ ಕಂಪನಿ ನಾಟಕಗಳ ಹಾಡು. ಅಲ್ಲಿ ಗುಡಿಯ ಎದುರು ಬುಟ್ಟಿ ಹೊತ್ತು ಬರುವ ತಾಯಂದಿರ ಕೈಯಲ್ಲಿ ಜೋಳದ ರೊಟ್ಟಿ, ಗಟ್ಟಿ ಮೊಸರು, ಶೇಂಗಾ ಹಿಂಡಿ ಸಿಗುತ್ತದೆ. ಮಕ್ಕಳಿಗೆ ಅದನ್ನು ಕೊಡಿಸಿ, ಮತ್ತು ಅದನ್ನು ಬಡವರದ್ದೆಂದು ಕರೆಯಬೇಡಿ.

ಹೊರದೇಶದಲ್ಲಿರುವ ಶಿಷ್ಯರಿಗೂ ಬಂಧುಗಳಿಗೂ ಬೇರೆಯದೇ ಮನವಿ. ರಜೆಯಲ್ಲಿ ಬಂದಾಗ ನೀವು ಪ್ರೀತಿಯಿಂದ ತಂದುಕೊಡುವ ಕ್ಯಾಲಿಫೋರ್ನಿಯಾದ ಬಾದಾಮಿ ಪೊಟ್ಟಣಗಳು ನಮ್ಮ ಮನೆಯ ಕಪಾಟಿನಲ್ಲಿ ಇನ್ನೂ ನಾಲ್ಕಿವೆ. ನನ್ನ ಹಲ್ಲುಗಳ ಸ್ಥಿತಿ ನಿಮಗೆ ತಿಳಿಯದು. ಈ ಸಲ ಬರಿಗೈಯಲ್ಲಿ ಬನ್ನಿ, ಊಟಕ್ಕೆ ಬರುವ ದಿನವನ್ನು ಎರಡು ದಿನ ಮುಂಚೆ ತಿಳಿಸಿದರೆ ಮನೆಯವರು ಶೇಂಗಾ ಹೋಳಿಗೆ ಮಾಡಿಡುತ್ತಾರೆ.